ಎನ್ ದೀಪ ಉರೀತಿದ್ರೂ ಬೈಕ್ ಹಾರುತ್ತೆ

ಸುಮಾ, ನಿನ್ನ ಮೆಸೇಜು ಈಗ ನೋಡ್ದೆ ಕಣೇ. ಟೈಪ್ ಮಾಡೋಕೆ ನನ್ ಕೈಲಾಗಲ್ಲ, ಮಾತಾಡೇ ಕಳಿಸ್ತಿದೀನಿ, ಉದ್ದ ಆಯ್ತು ಅಂತ ಯಾರೂ ಅರ್ಧಕ್ಕೆ ಬಿಡ್ಬೇಡಿ. ಚೇತು ಪಕ್ಕ ನಿಂತ್ಕೊಂಡೇ ಸೆಲ್ಫ್ ಸ್ಟಾರ್ಟ್ ಬಟನ್ ಒತ್ತಿದ, ಬೈಕ್ ಗೇರಲ್ಲಿತ್ತು, ಗೇಟಿನ ತನಕ ಹಾರ್ತು, ನ್ಯೂಟ್ರಲ್, ಅಂದ್ರೆ ಯಾವ ಗೇರಲ್ಲೂ ಇಲ್ಲ ಅಂತ ತೋರಿಸೋ ಎನ್ ದೀಪ ಮಾತ್ರ ಉರೀತಾನೇ ಇತ್ತು. "ಗೇರಲ್ಲಿದ್ರೆ ಸ್ಟಾರ್ಟ್ ಆಗದ ಹಾಗೆ ಸ್ವಿಚ್ ಇರುತ್ತಲ್ಲ ದೊಡ್ಡಪ್ಪಾ?" ಅಂತ ಕೇಳಿದೀಯ. ಇರುತ್ತೆ. ನ್ಯೂಟ್ರಲ್ ಇರ್ಬೇಕು, ಇಲ್ಲಾ ಕ್ಲಚ್ ಹಿಡಿದಿರ್ಬೇಕು, ಆಗ್ಲೇ ಸ್ಟಾರ್ಟ್ ಆಗೋದು. ಅದು ಕೆಟ್ಟಾಗ ಯಾವ ಕಡೆಗೆ ಕೆಡುತ್ತೆ ಅನ್ನೋದೇ ವಿಷಯ.

ಕೆಳಮನೆ ಶ್ರೀಧರನ ಬಲಗೈ ಇವತ್ತಿಗೂ ಪೂರ್ತಿ ತಿರುಗಲ್ಲ, ಗೊತ್ತಲ್ಲ ಎಲ್ರಿಗೂ? ಸಾಗರದಲ್ಲಿ ಅಡಿಕೆ ಮಂಡಿ ಮುಂದೆ, ನಮ್ಮ ಬೈಕ್ ರಿಪೇರಿ ಶೆಡ್ಡಿನ ಎದುರಿಗೇ ಆಗಿದ್ದು. ಇಳಿಜಾರು ಅಂತ ಫಸ್ಟ್ ಗೇರಲ್ಲಿ ಹಾಕಿ ನಿಲ್ಸಿದ್ದ. ಅದು ಸರೀನೇ, ಇಳಿಜಾರಲ್ಲಿ ಹಾಗೇ ನಿಲ್ಸ್ಬೇಕು. ವಾಪಸ್ ಬಂದು ಕೀ ತಿರುಗಿಸ್ದ, ಎನ್ ಹಸಿರಾಗಿ ಉರೀತು, ಕ್ಲಚ್ ಹಿಡೀದೆ ಪಕ್ಕದಲ್ಲೇ ನಿಂತು ಒತ್ತಿದ. ಬೈಕ್ ಮುಂದೆ ಹೋಯ್ತು, ಇವ್ನು ಹಿಂದೆ ಉಳ್ದ, ಕೈಯಲ್ಲಿ ಆಕ್ಸಿಲರೇಟರ್ ಗ್ರಿಪ್ಪು. ಆಳು ಹಿಂದಕ್ಕೆ ಜಗ್ಗಿದಷ್ಟೂ ಗ್ರಿಪ್ ತಿರುಗುತ್ತೆ, ಗ್ರಿಪ್ ತಿರುಗಿದಷ್ಟೂ ಬೈಕ್ ಓಡುತ್ತೆ. ಕೈ ಬಿಡ್ಬೇಕು ಅಂತ ತಲೆಗೆ ಹೊಳೆಯೋ ಹೊತ್ತಿಗೆ ಮಂಡಿ ಮೆಟ್ಲು ಬಂದಿತ್ತು. ಮಣಿಕಟ್ಟು ಮುರೀತು.

ಸಂಜೆ ಎಡಗಡೆ ಸ್ಪ್ರಾಕೆಟ್, ಅಂದ್ರೆ ಚೈನ್ ಸುತ್ತೋ ಹಲ್ಲಿನ ಚಕ್ರದ ಕವರ್ ಬಿಚ್ಚಿದ್ರೆ ಒಳಗೆ ಚೈನ್ ಗ್ರೀಸೂ ಮಳೆಗಾಲದ ಕೆಸರೂ ಸೇರಿ ಕಪ್ಪು ಮುದ್ದೆ. ಅದರಡಿ ನ್ಯೂಟ್ರಲ್ ಸ್ವಿಚ್ಚಿನ ಒಂಟಿ ವೈರು. ಚೈನಿಗೆ ಉಜ್ಜಿ ಉಜ್ಜಿ ಮೇಲಿನ ಪ್ಲಾಸ್ಟಿಕ್ ಸವೆದು, ಒಳಗಿನ ತಾಮ್ರ ಇಂಜಿನ್ನಿನ ಲೋಹದ ಬಾಡಿಗೆ ತಾಗ್ಕೊಂಡಿತ್ತು. ಆ ಸ್ವಿಚ್ ಮಾಡೋ ಕೆಲ್ಸ ಒಂದೇ, ಗೇರು ನ್ಯೂಟ್ರಲ್‌ಗೆ ಬಂದಾಗ ಆ ವೈರನ್ನ ಬಾಡಿಗೆ ಸೇರಿಸಿ ಅರ್ಥಿಂಗ್ ಕೊಡೋದು. ವೈರೇ ಹೋಗಿ ಬಾಡಿಗೆ ತಾಗಿದ್ರೆ ಯಾವ ಗೇರಲ್ಲಿದ್ರೂ ನ್ಯೂಟ್ರಲ್ ಅಂತ್ಲೇ ಲೆಕ್ಕ. ತುಂಡಾಗಿದ್ರೆ ಪರವಾಗಿಲ್ಲ, ದೀಪ ಬರಲ್ಲ, ಕ್ಲಚ್ ಹಿಡೀದೆ ಸ್ಟಾರ್ಟ್ ಆಗಲ್ಲ, ಬರೀ ರಗಳೆ. ತಾಗಿದ್ರೇನೇ ಅಪಾಯ. ಸೈಡ್ ಸ್ಟ್ಯಾಂಡ್ ಸ್ವಿಚ್ಚೂ ಆಗ ಸುಮ್ನೆ ಕೂರುತ್ತೆ, ಯಾಕಂದ್ರೆ ಸುಮಾರು ಬೈಕಲ್ಲಿ ನ್ಯೂಟ್ರಲ್ ಇದ್ರೆ ಸ್ಟ್ಯಾಂಡ್ ಇಳಿಸಿದ್ರೂ ಇಂಜಿನ್ ಓಡೋ ಹಾಗೆ ಮಾಡಿರ್ತಾರೆ. ಒಂದು ವೈರಿಗೆ ಎರಡು ಕಾವಲೂ ಹೋಯ್ತು. ಎನ್ ದೀಪ ನಂಬ್ಬೇಡಿ, ಬೈಕ್ ಉರುಳಿಸಿ ನೋಡಿ.

ಚೇತುದೂ ಇದೇ ಇರ್ಬೇಕು. ಬರೀ ಕ್ಲಚ್ ಸ್ವಿಚ್ ಕೆಟ್ಟಿದ್ರೆ ಗೇರಲ್ಲಿದ್ದಾಗ ಎನ್ ಉರೀತಿರ್ಲಿಲ್ಲ. ಆದ್ರೂ ಅದನ್ನೂ ನೋಡ್ಬಿಡಿ. ಕ್ಲಚ್ ಲಿವರ್ ಬುಡದಲ್ಲಿ ಬೆರಳುಗುರಿನಷ್ಟು ಸ್ವಿಚ್ ಇರುತ್ತೆ, ಎರಡು ವೈರು. ಧೂಳು ನೀರು ಹೋಗಿ ಅದರ ಪಿನ್ ಹಿಡ್ಕೊಂಡ್ರೆ ಕ್ಲಚ್ ಹಿಡಿದ್ರೂ ಗೇರಲ್ಲಿ ಸ್ಟಾರ್ಟ್ ಆಗಲ್ಲ, ಆಗ ಅವಸರದವ್ರು ಎರಡೂ ವೈರ್ ಸೇರಿಸಿ ಹೊಸೆದು ಟೇಪ್ ಸುತ್ತಿ ಕಳಿಸ್ತಾರೆ. ಅವತ್ತಿಂದ ಯಾರೋ ಸದಾ ಕ್ಲಚ್ ಹಿಡಿದೇ ಇದಾರೆ ಅಂತ ಬೈಕ್ ಅನ್ಕೊಂಡಿರುತ್ತೆ.

ಇನ್ನೊಂದು ಹೇಳ್ತೀನಿ ಕೇಳಿ. ಶ್ರೀಧರನ ಬೈಕು ಅದಕ್ಕೆ ಸ್ವಲ್ಪ ದಿನ ಮುಂಚೆ ಸರ್ವೀಸ್ ಆಗಿತ್ತು, ಎಲ್ಲಿ ಅಂತ ಹೇಳಲ್ಲ. ಕಾರ್ಡಲ್ಲಿ ಎಲ್ಲಾದಕ್ಕೂ ರೈಟ್ ಮಾರ್ಕು. ನೀರು ಹೊಡ್ದು, ಟ್ಯಾಂಕಿಗೆ ಪಾಲಿಶ್ ಹಾಕಿ, ಬಿಲ್ ಕೈಗಿಟ್ರು. ಆ ಕವರ್ ತೆಗೆಯೋಕೆ 8ರ ಸ್ಪ್ಯಾನರ್ರು, ಐದು ನಿಮಿಷ, ಅಷ್ಟು ಸಾಕಿತ್ತು. ತಗೊಂಡು ಹೋಗೋರೂ ಕೇಳಲ್ಲ ಬಿಡಿ, ಹೊಳೀತಾ ಇದ್ರೆ ಆಯ್ತು. ಸುಮಾರು ಹೊಸ ಬೈಕಲ್ಲಿ ಕಿಕ್ಕನ್ನೂ ತೆಗೆದ್ಬಿಟ್ಟಿದಾರೆ. ಕಿಕ್ಕರ್ ಇದ್ದಾಗ ಜನ ಮೊದ್ಲು ನ್ಯೂಟ್ರಲ್ ಹುಡುಕ್ತಿದ್ರು. ಹಳೇ ಯೆಜ್ಡಿ ಬೈಕಲ್ಲಂತೂ ಕಿಕ್ಕೂ ಗೇರೂ ಒಂದೇ ಲಿವರು, ಕಾಲಿಗೇ ಲೆಕ್ಕ ಇರ್ತಿತ್ತು. ಮೈಸೂರಲ್ಲಿ 1996ಕ್ಕೆ ಆ ಫ್ಯಾಕ್ಟರಿ ಮುಚ್ತು, ಈಗಿನವ್ರಿಗೆ ಹೆಬ್ಬೆರಳೊಂದು ಇದ್ರೆ ಸಾಕು. ಗಣಪತಿ ಹಬ್ಬದಲ್ಲಿ ಇದೇ ಮಾತು ಎತ್ತಿದ್ದಕ್ಕೆ ನಮ್ಮ ಹುಡುಗ್ರೆಲ್ಲ "ದೊಡ್ಡಪ್ಪಂದು ಶೆಡ್ ಪುರಾಣ ಶುರುವಾಯ್ತು" ಅಂತ ಎದ್ದು ಹೋದ್ರಲ್ಲ, ಚೇತೂನೂ ಇದ್ದ ಅವರ ಜೊತೆ. ಇರ್ಲಿ. ದೀಪ ಏನೇ ಹೇಳ್ಲಿ, ನಂಬ್ಬೇಡಿ, ಉರುಳಿಸಿ ನೋಡಿ.

ಅಯ್ಯೋ, ಹೇಗೆ ಅಂತ ಹೇಳೋದೇ ಬಿಟ್ಟೆ ನೋಡು. ಮೊದ್ಲು ಬೈಕ್ ಮೇಲೆ ಕೂತ್ಕೊಳ್ಳೋದು, ಪಕ್ಕ ನಿಂತು ಸೆಲ್ಫ್ ಒತ್ತಲೇಬಾರ್ದು. ಕ್ಲಚ್ ಬಿಟ್ಟೇ ಹಿಂದೆ ಮುಂದೆ ತಳ್ಳಿ. ಚೈನ್ ಸಡಿಲ ಇದ್ದಷ್ಟು ಒಂದೆರಡು ಇಂಚು ಹೋಗಿ ಗಕ್ಕಂತ ಹಿಡಿದ್ರೆ ಗೇರಲ್ಲಿದೆ, ಒಂದಡಿ ಸಲೀಸಾಗಿ ಉರುಳಿದ್ರೆ ನ್ಯೂಟ್ರಲ್. ಆಮೇಲೆ ಮುಂದಿನ ಬ್ರೇಕು, ಕ್ಲಚ್ಚು ಎರಡೂ ಪೂರ್ತಿ ಹಿಡಿದು, ಆಕ್ಸಿಲರೇಟರ್ ಮುಟ್ಟದೆ ಸೆಲ್ಫ್ ಒತ್ತಿ, ಐದು ಸೆಕೆಂಡಿಗಿಂತ ಜಾಸ್ತಿ ಬೇಡ. ಗೇರಲ್ಲಿಟ್ಟು ಕ್ಲಚ್ ಹಿಡಿದ್ರೆ ಸಾಕಲ್ವಾ ಅಂತ ಕೇಳ್ಬೇಡಿ. ವಾರಗಟ್ಲೆ ನಿಂತ ಬೈಕಲ್ಲಿ ಕ್ಲಚ್ ಪ್ಲೇಟು ಎಣ್ಣೆಗೆ ಅಂಟ್ಕೊಂಡಿರುತ್ತೆ, ಲಿವರ್ ಒತ್ತಿದ್ರೂ ಬಿಡಲ್ಲ. ಲಿವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲ ಇರ್ಬೇಕು, ಅದಕ್ಕಿಂತ ಜಾಸ್ತಿ ಆದ್ರೂ ಕ್ಲಚ್ ಪೂರ್ತಿ ಬಿಡಲ್ಲ.

ಸ್ಕೂಟರಿನವ್ರಿಗೆ ಇದೇ ಕಥೆ ಬ್ರೇಕ್ ಸ್ವಿಚ್ಚಿಂದು. ಗೇರಿಲ್ಲದ ಸ್ಕೂಟರ್ ಬ್ರೇಕ್ ಹಿಡೀದೆ ಸೆಲ್ಫಲ್ಲಿ ಸ್ಟಾರ್ಟ್ ಆಗ್ತಿದ್ರೆ ಅದು ಅನುಕೂಲ ಅಲ್ಲ, ಕೆಟ್ಟಿದೆ.

ಚೇತೂಗೆ ಹೇಳು, ಈಗ ಸೆಲ್ಫ್ ಮುಟ್ಟೋದು ಬೇಡ. ಸೆಂಟರ್ ಸ್ಟ್ಯಾಂಡ್ ಹಾಕಿ, ಕೀ ಆನ್ ಮಾಡಿ, ಹಿಂದಿನ ಚಕ್ರ ಕೈಯಲ್ಲಿ ತಿರುಗಿಸ್ತಾ ಫಸ್ಟ್ ಗೇರ್ ಹಾಕ್ಲಿ. ಎನ್ ಆರ್ಲಿಲ್ಲ ಅಂದ್ರೆ ನಾನ್ ಹೇಳಿದ್ದೇ. ಗೇರ್ ತೆಗೆದು ಶೆಡ್ಡಿಗೆ ತಳ್ಕೊಂಡು ಬರ್ಲಿ. ವೈರಿಗೆ ಬರೀ ಟೇಪ್ ಸುತ್ತಿಸ್ಕೊಂಡು ಬರ್ಬೇಡ ಅನ್ನು, ಇಂಜಿನ್ ಬಿಸಿಗೆ ಎಣ್ಣೆಗೆ ಟೇಪು ಬಿಟ್ಕೊಳ್ಳುತ್ತೆ. ಹೊಸ ವೈರ್ ತುಂಡು ಬೆಸುಗೆ ಹಾಕಿ, ಸ್ಲೀವ್ ಹಾಕಿ, ಚೈನಿಂದ ದೂರ ಕ್ಲಿಪ್ಪಿಗೆ ಸಿಗಿಸ್ಬೇಕು. ಶೆಡ್ಡಿನ ನಾಗರಾಜ ಮಧ್ಯಾಹ್ನ ಊಟಕ್ಕೆ ಹೋಗ್ತಾನೆ, ಅದಕ್ಕೆ ಮುಂಚೆನೇ ಬರ್ಲಿ.