ಅಪ್‌ಡೇಟ್: ವ್ಯಾನ್ ಮೇಲೆ ಸೋಲಾರ್ ಪ್ಯಾನೆಲ್ ಕೂತಿತು

ಕ್ಯಾಂಪರ್ ವ್ಯಾನ್ ಚಾವಣಿಗೆ ಬೋಲ್ಟ್ ಹೊಡೆಯದೆ ಸೋಲಾರ್ ಪ್ಯಾನೆಲ್ ಕೂರಿಸಬಹುದಾ ಅಂತ ಕೇಳಿದ್ದೆ, ಅಲ್ವಾ? ಕೂರಿಸಿದ್ದಾಯ್ತು. ಮೈಸೂರಲ್ಲೇ, ಬನ್ನಿಮಂಟಪದ ಕಡೆಯ ಒಂದು ಗ್ಯಾರೇಜಿನಲ್ಲಿ. 200 ವ್ಯಾಟ್ ಪ್ಯಾನೆಲ್, ಪ್ಲಾಸ್ಟಿಕ್ ಬ್ರಾಕೆಟ್, ಪಾಲಿಯುರೇಥೇನ್ ಅಂಟು. ಸುಮ್ನೆ ಬಣ್ಣದ ಮೇಲೆ ಅಂಟು ಬಳಿಯಬೇಡಿ, ಉಪ್ಪುಕಾಗದದಲ್ಲಿ ಉಜ್ಜಿ, ಸ್ಪಿರಿಟ್ ಹಾಕಿ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ. ಪ್ಯಾನೆಲ್ ಕೆಳಗೆ ಗಾಳಿ ಆಡಲು ಜಾಗ ಬಿಡಲೇಬೇಕು, ಬಿಸಿ ಜಾಸ್ತಿಯಾದಷ್ಟೂ ಪವರ್ ಕಡಿಮೆಯಾಗುತ್ತದೆ, ನಮ್ಮ ಏಪ್ರಿಲ್ ಬಿಸಿಲಿಗಂತೂ ಇದು ತುಂಬಾ ಮುಖ್ಯ. ವೈರ್ ಒಳಗೆ ತರಲು ಮಾತ್ರ ಒಂದು ತೂತು ಬೇಕಾಯ್ತು, ಅದಕ್ಕೆ ಗ್ಲ್ಯಾಂಡ್ (ವೈರ್ ಸುತ್ತ ನೀರು ಇಳಿಯದಂತೆ ಬಿಗಿಯಾಗಿ ಹಿಡಿಯೋ ಬಿರಡೆ) ಹಾಕಿ ಸುತ್ತ ಸೀಲ್ ಮಾಡಿದೆವು. ಚಾರ್ಜ್ ಕಂಟ್ರೋಲರ್‌ಗೆ (ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗೋ ಕರೆಂಟನ್ನ ಹದವಾಗಿಡೋ ಪೆಟ್ಟಿಗೆ) ಮೊದಲು ಬ್ಯಾಟರಿ ಜೋಡಿಸಿ, ಆಮೇಲೆ ಪ್ಯಾನೆಲ್. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ. ಮೊನ್ನೆ ಜೋರು ಮಳೆಯಲ್ಲಿ ಒಳಗೆ ಕೈಯಾಡಿಸಿ ನೋಡಿದೆ, ಒಂದು ಹನಿಯೂ ಇಲ್ಲ. ಪುಟ್ಟ ಫ್ರಿಜ್ ರಾತ್ರಿಯಿಡೀ ಓಡುತ್ತಿದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.