ಪದಚರ್ಚೆ: ರ‍್ಯಾಮ್‌ಗೆ ಹಿಡಿಯೋದು ತುಕ್ಕೋ ಕಿಲುಬೋ? (ನಾಳೆ ಪ್ರೆಸ್ಸಿಗೆ ಕೊಡಬೇಕು)

ಎಲ್ಲರಿಗೂ ನಮಸ್ಕಾರ,

ಅವಸರದ ಪ್ರಶ್ನೆ. ನಮ್ಮ ಬೀದಿಯ ಸಂಜೆ ತರಗತಿಯಲ್ಲಿ 12 ಹುಡುಗ ಹುಡುಗಿಯರು ಕಂಪ್ಯೂಟರ್ ರಿಪೇರಿ ಕಲಿಯುತ್ತಿದ್ದಾರೆ. ಹಗಲು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೆಲಸ, ಸಂಜೆ ಪಾಠ. ಎಲ್ಲರೂ ಕನ್ನಡ ಮಾಧ್ಯಮದಲ್ಲಿ ಓದಿದವರು. ಡೆಸ್ಕ್‌ಟಾಪ್ ಆನ್ ಆಗದಿದ್ದರೆ ಮೊದಲು ಏನು ನೋಡಬೇಕು, ಆಮೇಲೆ ಏನು ಅಂತ ಗೋಡೆಗೆ ಒಂದು ದೊಡ್ಡ ಚಾರ್ಟ್ ಮಾಡಿಸುತ್ತಿದ್ದೇವೆ. ನಾಳೆ ಬೆಳಗ್ಗೆ 11ಕ್ಕೆ ಅವೆನ್ಯೂ ರಸ್ತೆಯ ಪ್ರೆಸ್ಸಿಗೆ ಕೊಡಬೇಕು.

ಎರಡು ಸಾಲು ಸರಿಹೋಗುತ್ತಿಲ್ಲ. (ರ‍್ಯಾಮ್ ಅಂದರೆ ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಚಿಕ್ಕ ಕಾರ್ಡು, ಮದರ್‌ಬೋರ್ಡ್ ಅಂದರೆ ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಬೋರ್ಡು.)

“ರ‍್ಯಾಮ್ ಪಿನ್ನುಗಳಿಗೆ ತುಕ್ಕು ಹಿಡಿದಿದ್ದರೆ ಸ್ವಚ್ಛಗೊಳಿಸಿ ಮರುಸ್ಥಾಪಿಸಿ.”
“ಮದರ್‌ಬೋರ್ಡ್ ದೋಷವಿದ್ದಲ್ಲಿ ಬದಲಾಯಿಸಿ.”

‘ತುಕ್ಕು’ ಸರಿಯಾ? ‘ಮರುಸ್ಥಾಪಿಸಿ’ ಓದಿದರೆ ವಿಗ್ರಹ ಪ್ರತಿಷ್ಠೆಯ ಹಾಗಿದೆ. ಮದರ್‌ಬೋರ್ಡ್‌ಗೆ ಕನ್ನಡದ ಪದ ಬೇಕೇ ಬೇಡವೇ, ಅದನ್ನೂ ಹೇಳಿ.

— ಚಾಮರಾಜಪೇಟೆಯಿಂದ

*

ಮರು: ತುಕ್ಕೋ ಕಿಲುಬೋ

‘ತುಕ್ಕು’ ತಪ್ಪು. ತುಕ್ಕು ಹಿಡಿಯೋದು ಕಬ್ಬಿಣಕ್ಕೆ. ತಾಮ್ರಕ್ಕೆ, ಹಿತ್ತಾಳೆಗೆ ಹಿಡಿಯೋದು ಕಿಲುಬು. ಹುಣಸೆಹಣ್ಣು ಹಾಕಿ ತಂಬಿಗೆ ತಿಕ್ಕಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಇಷ್ಟು ಒಳ್ಳೆಯ ಪದ ಮನೆಯಲ್ಲೇ ಇರುವಾಗ ಹೊರಗೆ ಹುಡುಕಬೇಡಿ.

ಮದರ್‌ಬೋರ್ಡ್‌ಗೆ ‘ತಾಯ್ಹಲಗೆ’. ತಾಯ್ನುಡಿ ಇದೆ, ತಾಯ್ನಾಡು ಇದೆ, ಗಿಡಕ್ಕೆ ತಾಯಿಬೇರು ಇದೆ. ರ‍್ಯಾಮ್‌ಗೆ ‘ನೆನಪಿನ ಪಟ್ಟಿ’. ‘ರಿಪೇರಿ’ ತೆಗೆದು ‘ದುರಸ್ತಿ’ ಹಾಕಿ. ‘ಮಾತೃಫಲಕ’ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಸಂಸ್ಕೃತದ ಹೊರೆ ಸಾಕು.

— ಮಲ್ಲೇಶ್ವರದಿಂದ

*

ಮರು: ತುಕ್ಕೋ ಕಿಲುಬೋ

ಹಲಗೆಯೂ ಫಲಕವೇ. ತತ್ಸಮ ತದ್ಭವದ ಪಟ್ಟಿಯಲ್ಲಿ ಶಾಲೆಯಲ್ಲೇ ಓದಿದ್ದೇವೆ. ಫಲಕ, ಪಲಗೆ, ಹಲಗೆ. ‘ಪುಲಿ’ ಹುಲಿಯಾದ ದಾರಿಯಲ್ಲೇ ಅದೂ ಬಂದದ್ದು. ಸಂಸ್ಕೃತ ಬೇಡ ಅನ್ನುವವರು ಹಲಗೆಯನ್ನೂ ಬಿಡಬೇಕು.

ದುರಸ್ತಿ ಪಾರಸಿಯದು. ಇಂಗ್ಲಿಷ್ ತೆಗೆದು ಪಾರಸಿ ಹಾಕಿದರೆ ಯಾವ ಲಾಭ?

‘ನೆನಪಿನ ಪಟ್ಟಿ’ ಓದಿದವರಿಗೆ ಮಾಡಬೇಕಾದ ಕೆಲಸಗಳ ಪಟ್ಟಿ ನೆನಪಾಗುತ್ತೆ. ಖಂಡಿತ ಬೇಡ.

— ಬಸವನಗುಡಿಯಿಂದ

*

ಮರು: ಮರು: ತುಕ್ಕೋ ಕಿಲುಬೋ

ತದ್ಭವ ಅಂದರೆ ನಮ್ಮ ಬಾಯಿಗೆ ಒಗ್ಗಿದ್ದು, ಆದ್ದರಿಂದ ನಮ್ಮದೇ. 13ನೇ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ಅಪಭ್ರಂಶಕ್ಕೆ, ಅಂದರೆ ತದ್ಭವಕ್ಕೆ, ಒಂದು ಪ್ರಕರಣವನ್ನೇ ಮೀಸಲಿಟ್ಟ. ಮೇಜು, ಕುರ್ಚಿ, ದುರಸ್ತಿ ಎಲ್ಲವೂ ಒಗ್ಗಿವೆ. ಮದರ್‌ಬೋರ್ಡ್ ಒಗ್ಗಿಲ್ಲ. ನನ್ನ ಮಾತು ಇಷ್ಟೇ.

— ಮಲ್ಲೇಶ್ವರದಿಂದ

*

ಮರು: ಮರು: ಮರು: ತುಕ್ಕೋ ಕಿಲುಬೋ

ಒಗ್ಗಿಲ್ಲ ಅಂತ ತೀರ್ಮಾನ ಮಾಡೋದು ಯಾರು? ಕೆಲಸ ಮಾಡುವವರನ್ನು ಒಮ್ಮೆ ಕೇಳಿ.

— ಬಸವನಗುಡಿಯಿಂದ

*

ಮರು: ತುಕ್ಕೋ ಕಿಲುಬೋ (ಕೆಲಸ ಮಾಡುವವನ ಉತ್ತರ)

ಮೇಡಂ, ನಾನು 17 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಇಲ್ಲಿ ಬರೆಯೋದು ಕಡಿಮೆ, ಆದರೆ ಈ ಚಾರ್ಟ್ ಹುಡುಗರ ಕೈಗೆ ಹೋಗುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ತುಕ್ಕು, ಕಿಲುಬು. ರ‍್ಯಾಮ್ ಪಿನ್ನಿನ ಮೇಲೆ ತೆಳುವಾಗಿ ಚಿನ್ನದ ಲೇಪ ಇರುತ್ತೆ. ಚಿನ್ನಕ್ಕೆ ತುಕ್ಕೂ ಇಲ್ಲ, ಕಿಲುಬೂ ಇಲ್ಲ. ಅಲ್ಲಿ ಕೂರೋದು ಕೈಯ ಜಿಡ್ಡು, ಧೂಳು. ಎಷ್ಟೋ ಸಲ ತೆಗೆದು ಹಾಕಿ ಲೇಪ ಸವೆದಿದ್ದರೆ ಮಾತ್ರ ಕೆಳಗಿನ ಲೋಹ ಮಂಕಾಗುತ್ತೆ. ಹಾಗಾಗಿ ಆ ಸಾಲಿಗೆ ‘ಜಿಡ್ಡು, ಕೊಳೆ’ ಸಾಕು. ಇದು ಸುಮ್ನೆ ಪದದ ವಿಷಯವಲ್ಲ. ಕಿಲುಬು ಅಂತ ಬರೆದರೆ ಹುಡುಗ ಕಿಲುಬು ತೆಗೆಯುವ ಹಾಗೇ ಉಜ್ಜುತ್ತಾನೆ. ಮರಳು ಕಾಗದದಲ್ಲಿ ತಿಕ್ಕಿ ಚಿನ್ನವನ್ನೇ ಎಬ್ಬಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಮೆತ್ತನೆಯ ರಬ್ಬರಿನಲ್ಲಿ ಹಗುರವಾಗಿ ಒರೆಸಿ, ಪುಡಿ ಊದಿ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಇದ್ದರೆ ಅದರಲ್ಲಿ ಒಮ್ಮೆ ಒರೆಸಿ, ಒಣಗಲು ಬಿಟ್ಟರೆ ಆಯಿತು.

ಮಲ್ಲೇಶ್ವರದ ಹಿರಿಯರ ಕಿಲುಬಿಗೂ ಚಾರ್ಟಿನಲ್ಲಿ ಜಾಗ ಇದೆ. ಬೋರ್ಡಿನ ಮೇಲೆ ನೀರೋ ಕಾಫಿಯೋ ಬಿದ್ದು ಕೆಲವು ದಿನ ಆದರೆ ತಾಮ್ರದ ಗೆರೆಗಳ ಮೇಲೆ ಹಸಿರು ಏಳುತ್ತೆ. ಅದು ತಂಬಿಗೆಯ ಕಿಲುಬೇ. ಅಲ್ಲಿ ಬೇರೆ ಪದ ಹಾಕಲೇಬೇಡಿ. ಇನ್ನು ತುಕ್ಕು ಬೇಕಾಗೋದು ಕ್ಯಾಬಿನೆಟ್ಟಿನ ಸ್ಕ್ರೂಗಳಿಗೆ.

‘ಮರುಸ್ಥಾಪಿಸಿ’ ತೆಗೆದುಬಿಡಿ. ನಮ್ಮ ಅಂಗಡಿ ಸಾಲಿನಲ್ಲಿ “ರ‍್ಯಾಮ್ ಸರಿಯಾಗಿ ಕೂತಿಲ್ಲ” ಅಂತಾರೆ. “ತೆಗೆದು ಮತ್ತೆ ಕೂರಿಸು” ಅಂತಾರೆ. ಕೆಲಸ ಮಾಡಿದ ಕೈ ಕಂಡುಕೊಂಡ ಪದ ಅದು. ರ‍್ಯಾಮಿನ ತಳದಲ್ಲಿ ಒಂದು ಕಚ್ಚು ಇರುತ್ತೆ. ಹಳೆಯ ತಲೆಮಾರಿನ ಡಿಡಿಆರ್3 ರ‍್ಯಾಮಿಗೆ 240 ಪಿನ್, ಅದರ ನಂತರದ ಡಿಡಿಆರ್4ಕ್ಕೆ 288, ಕಚ್ಚಿನ ಜಾಗವೂ ಬೇರೆ. ಕಚ್ಚು ಹೊಂದಿಸಿ ಒತ್ತಿದರೆ ಟಕ್ ಅಂತ ಕೂರುತ್ತೆ. ಕಚ್ಚು ಹೊಂದದಿದ್ದರೆ ಬಲವಂತ ಮಾಡಬಾರದು. ‘ಕಚ್ಚು’ ಅನ್ನೋದನ್ನು ಹುಡುಗರಿಗೆ ಬಿಡಿಸಿ ಹೇಳಬೇಕಾಗೇ ಇಲ್ಲ.

‘ದೋಷ’ಕ್ಕೂ ನನ್ನ ತಕರಾರಿದೆ. ನಮ್ಮಲ್ಲಿ ‘ಹೋಗಿದೆ’ ಅನ್ನೋದು ಕೊನೆಯ ಮಾತು. ಅಂದರೆ ಬದಲಾಯಿಸಲೇಬೇಕು. ಒಂದೇ ರ‍್ಯಾಮನ್ನು ಬೋರ್ಡಿನ ಎಲ್ಲ ಸ್ಲಾಟಿನಲ್ಲೂ (ರ‍್ಯಾಮ್ ಕೂರುವ ಸಂದಿನಲ್ಲೂ) ಹಾಕಿ ನೋಡಬೇಕು. ಎಲ್ಲೂ ಕಂಪ್ಯೂಟರ್ ಏಳದೆ (ಆನ್ ಆಗದೆ), ಇನ್ನೊಂದು ರ‍್ಯಾಮ್ ಹಾಕಿದಾಗ ಎದ್ದರೆ ಮೊದಲಿನ ರ‍್ಯಾಮ್ ಹೋಗಿದೆ. ಯಾವ ರ‍್ಯಾಮ್ ಹಾಕಿದರೂ ಒಂದೇ ಸ್ಲಾಟಿನಲ್ಲಿ ಏಳದಿದ್ದರೆ ಆ ಸ್ಲಾಟ್ ಹೋಗಿದೆ. ಬೋರ್ಡ್ ಹೋಗಿದೆ ಅನ್ನುವ ಮೊದಲು ಪವರ್ ಸಪ್ಲೈ, 24 ಪಿನ್ನಿನ ಕೇಬಲ್ಲು, ಪ್ರೊಸೆಸರಿನ ಹತ್ತಿರದ ಚಿಕ್ಕ ಪವರ್ ಕೇಬಲ್ಲು, ಉಬ್ಬಿದ ಕೆಪಾಸಿಟರ್ ಎಲ್ಲ ನೋಡಿರಬೇಕು. ಕೆಲವು ವರ್ಷದ ಹಿಂದೆ ಒಬ್ಬ ಅಮ್ಮ ಮಗಳ ಕಂಪ್ಯೂಟರ್ ಹಿಡಿದುಕೊಂಡು ಬಂದಿದ್ದರು. ಬೇರೆ ಅಂಗಡಿಯಲ್ಲಿ “ಬೋರ್ಡ್ ಹೋಗಿದೆ” ಅಂದಿದ್ದರಂತೆ. ಹೊಸ ಬೋರ್ಡಿಗೆ ಅಂತ ಕೈಸಾಲ ಮಾಡಿ ದುಡ್ಡು ತಂದಿದ್ದರು. ರ‍್ಯಾಮ್ ಒಂದು ಕಡೆ ಕೂತಿರಲಿಲ್ಲ, ಅಷ್ಟೇ. ಆ ಎರಡು ಪದ ಎಷ್ಟು ಭಾರ ಅಂತ ಅವತ್ತು ಗೊತ್ತಾಯಿತು. ಅದಕ್ಕೇ ‘ದೋಷ’ ಅಂತ ಎಲ್ಲಕ್ಕೂ ಒಂದೇ ಹೆಸರು ಬೇಡ. ‘ಕೂತಿಲ್ಲ’, ‘ಕೊಳೆಯಾಗಿದೆ’, ‘ಹೋಗಿದೆ’ ಬೇರೆ ಬೇರೆ ಸಾಲಿನಲ್ಲಿ ಇರಲಿ.

— ಲಗ್ಗೆರೆಯಿಂದ

*

ಮರು: ತುಕ್ಕೋ ಕಿಲುಬೋ (ಕೆಲಸ ಮಾಡುವವನ ಉತ್ತರ)

ಕಿಲುಬಿನ ವಿಷಯ ಒಪ್ಪಿದೆ. ‘ಕೂರಿಸು’, ‘ಕಚ್ಚು’ ತುಂಬ ಹಿಡಿಸಿತು.

ತಾಯ್ಹಲಗೆ ಮಾತ್ರ ಬಿಡಲಾರೆ. ಕಲಿಯುವ ಹುಡುಗರ ಗೋಡೆಯ ಮೇಲೂ ಬರೆಯದಿದ್ದರೆ ಹೊಸ ಪದ ಬೇರೂರೋದು ಎಲ್ಲಿ? ಎಲ್ಲ ಪದವೂ ಒಂದು ದಿನ ಹೊಸದೇ ಆಗಿತ್ತು.

— ಮಲ್ಲೇಶ್ವರದಿಂದ

*

ಮರು: ಮರು: ತುಕ್ಕೋ ಕಿಲುಬೋ (ಕೆಲಸ ಮಾಡುವವನ ಉತ್ತರ)

ಸರ್, ನಿಮ್ಮ ಕಾಳಜಿ ಅರ್ಥವಾಗುತ್ತೆ. ಆದರೆ ಹುಡುಗ ನಾಳೆ ಅಂಗಡಿಗೆ ಹೋಗಿ ಅದನ್ನು ಹೆಸರು ಹಿಡಿದು ಕೇಳಬೇಕು. ಡಬ್ಬದ ಮೇಲೆ ಮದರ್‌ಬೋರ್ಡ್ ಅಂತಿರುತ್ತೆ, ಬಿಲ್ಲಿನಲ್ಲೂ ಅದೇ. ನಾವಂತೂ ‘ಬೋರ್ಡು’ ಅಂತ ಉಕಾರ ಹಚ್ಚಿ ಅದನ್ನು ಯಾವತ್ತೋ ನಮ್ಮದು ಮಾಡಿಕೊಂಡಿದ್ದೇವೆ. ಬೋರ್ಡಿಗೆ, ಬೋರ್ಡಿನಲ್ಲಿ, ಬೋರ್ಡುಗಳು. ಇದು ಒಗ್ಗಿದ ಹಾಗಲ್ವಾ?

— ಲಗ್ಗೆರೆಯಿಂದ

*

ಮರು: ತುಕ್ಕೋ ಕಿಲುಬೋ

ಎಲ್ಲರಿಗೂ ಧನ್ಯವಾದ. ರಾತ್ರಿಯೇ ಕೂತು ತಿದ್ದಿದೆ. ಚಾರ್ಟ್ ಈಗ ಹೀಗಿದೆ.

“ಪವರ್ ಕೇಬಲ್ ಕಳಚಿ. ಪವರ್ ಬಟನ್ ಒಂದಷ್ಟು ಹೊತ್ತು ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ, ಆಮೇಲೆ ರ‍್ಯಾಮ್ ಮುಟ್ಟಿ.
ರ‍್ಯಾಮ್ ಕೂತಿದೆಯಾ? ಕೂತಿಲ್ಲದಿದ್ದರೆ ಕಚ್ಚು ಹೊಂದಿಸಿ ಕೂರಿಸಿ.
ಪಿನ್ನಿಗೆ ಜಿಡ್ಡು, ಕೊಳೆ ಇದ್ದರೆ ಹಗುರವಾಗಿ ಒರೆಸಿ.
ಬೋರ್ಡಿನ ಮೇಲೆ ಹಸಿರು ಕಿಲುಬು ಕಂಡರೆ ಕರೆಂಟ್ ಕೊಡಬೇಡಿ, ಮೇಷ್ಟ್ರಿಗೆ ತೋರಿಸಿ.
ಟೈಮು ದಿನಾ ತಪ್ಪುತ್ತಿದ್ದರೆ 3 ವೋಲ್ಟಿನ ಸಿಆರ್2032 ಸೆಲ್ ಬದಲಾಯಿಸಿ.
ಎಲ್ಲ ನೋಡಿದ ಮೇಲೆ ಮಾತ್ರ: ಬೋರ್ಡ್ ಹೋಗಿದೆ.”

ಮೊದಲ ಸಲ ಬರುವಲ್ಲಿ ‘ಮದರ್‌ಬೋರ್ಡ್’ ಅಂತ ಪೂರ್ತಿ ಹಾಕಿ, ಚಿತ್ರದ ಕೆಳಗೆ ‘ತಾಯ್ಹಲಗೆ’ ಅಂತಲೂ ಬರೆಸಿದ್ದೇನೆ. ಹುಡುಗರು ಯಾವುದನ್ನು ಎತ್ತಿಕೊಳ್ಳುತ್ತಾರೋ ನೋಡೋಣ.

ಒಂದು ಸಾಲು ಬಾಕಿ. ರ‍್ಯಾಮ್ ಸಿಗದಿದ್ದರೆ ಬೋರ್ಡು ಬೀಪ್ ಬೀಪ್ ಅನ್ನುತ್ತಲ್ಲ, ಎಷ್ಟು ಸಲ ಅನ್ನೋದು ಬಯಾಸ್ (ಬೋರ್ಡನ್ನು ಮೊದಲು ಎಬ್ಬಿಸುವ ಪ್ರೋಗ್ರಾಂ) ಮಾಡಿದ ಕಂಪನಿಗೆ ತಕ್ಕ ಹಾಗೆ ಬೇರೆ. “ಎಷ್ಟು ಕೂಗು ಅಂತ ಎಣಿಸಿ, ಬೋರ್ಡಿನ ಪುಸ್ತಕ ನೋಡಿ” ಅಂತ ಹಾಕಿದ್ದೇನೆ. ‘ಕೂಗು’ ಬೇಡ ಅನ್ನುವವರು 10 ಗಂಟೆಯೊಳಗೆ ಬರೆಯಿರಿ.

— ಚಾಮರಾಜಪೇಟೆಯಿಂದ

*

ಮರು: ಮರು: ತುಕ್ಕೋ ಕಿಲುಬೋ

ಕುಕ್ಕರ್ ಎಷ್ಟು ಕೂಗು ಕೂಗಿತು ಅಂತ ಮನೆ ಮನೆಯಲ್ಲೂ ಕೇಳುತ್ತಾರೆ. ಎಣಿಸುವ ಸದ್ದಿಗೆ ಅದೇ ಸರಿ. ಪ್ರೆಸ್ಸಿಗೆ ಕೊಡಿ.

— ಬಸವನಗುಡಿಯಿಂದ