ಸೋಯಾ ಕೊಯ್ದಾಗಿದೆ, ತೂಫಾನ್ ಸುದ್ದಿ ಬಂದಿದೆ, ಏನು ಮಾಡಲಿ?

ಭಾಲ್ಕಿ ಕಡೆಯವರ ಪ್ರಶ್ನೆ: ನಾಲ್ಕು ಎಕರೆ ಸೋಯಾ ಕೊಯ್ದು ಬಣವೆ ಹಾಕಿದ್ದೇನೆ. ಟಿವಿಯಲ್ಲಿ ಬೆಳಗಿನಿಂದ ಬಂಗಾಳಕೊಲ್ಲಿಯ ವಾಯುಭಾರ ಕುಸಿತದ್ದೇ ಸುದ್ದಿ. ಸಮುದ್ರ ಎಲ್ಲಿ, ಬೀದರ್ ಎಲ್ಲಿ ಅಂತ ಮನೆಯಲ್ಲಿ ನಗುತ್ತಾರೆ. ರಾಶಿ (ಮಶೀನಿಗೆ ಹಾಕಿ ಕಾಳು ಬಿಡಿಸುವುದು) ಈಗಲೇ ಮಾಡಿಸಲಾ, ಕಾಯಲಾ? ಅನುಭವ ಇದ್ದವರು ಹೇಳಿ.

ಅಫಜಲಪುರದಿಂದ: ಅಣ್ಣಾ, 2020ರ ಅಕ್ಟೋಬರ್‌ನಲ್ಲಿ ನಾನೂ ಹಾಗೇ ನಕ್ಕಿದ್ದೆ. ಆಗ ಬಂದ ವಾಯುಭಾರ ಕುಸಿತಕ್ಕೆ ಹೆಸರು ಕೂಡ ಇರಲಿಲ್ಲ. ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಮಾತ್ರ ಹೆಸರು ಇಡುತ್ತಾರೆ, ಅದು ಅಷ್ಟು ಮುಟ್ಟಲೇ ಇಲ್ಲ. ಹೆಸರಿಲ್ಲದ್ದು ಏನು ಮಾಡೀತು ಅಂತ ಸುಮ್ನೆ ಮಲಗಿದೆ. 13ನೇ ತಾರೀಕು ಬೆಳಗ್ಗೆ ಕಾಕಿನಾಡ ಹತ್ತಿರ ದಡ ಹತ್ತಿತು, ತೆಲಂಗಾಣ ದಾಟಿ ನಮ್ಮ ತಲೆ ಮೇಲೆ ಬಂತು. ಹೈದರಾಬಾದ್ ಮುಳುಗಿದ್ದು ಅದೇ ಮಳೆಗೆ. ನಮ್ಮಲ್ಲಿ ಗಾಳಿ ಅಂಥದ್ದೇನೂ ಇರಲಿಲ್ಲ, ಮಳೆ ಮಾತ್ರ ಬಿಡಲೇ ಇಲ್ಲ. ನಿಜವಾದ ಪೆಟ್ಟು ಬಿದ್ದಿದ್ದು ಮಳೆ ನಿಂತ ಮೇಲೆ. ಅದು ಸೊಲ್ಲಾಪುರದ ಕಡೆ ಹೋಗಿ ಅಲ್ಲೂ ಸುರಿಯಿತು, ಭೀಮಾ ನದಿಯ ಉಜನಿ ಡ್ಯಾಮಿನಿಂದ ನೀರು ಬಿಟ್ಟರು, ಇಲ್ಲಿ ಬಿಸಿಲು ಬಿದ್ದಿದೆ, ಭೀಮಾ ಮಾತ್ರ ಏರುತ್ತಲೇ ಇದೆ. ತೊಗರಿಯಲ್ಲಿ ಮೂರು ದಿನ ನೀರು ನಿಂತಿತು. ಗಿಡ ಕಿತ್ತರೆ ಬೇರಿನ ಸಿಪ್ಪೆ ಸುಲಿದು ಕೈಗೆ ಬರುತ್ತಿತ್ತು.

ಅದಕ್ಕೇ ಹೇಳುವುದು, ಹೆಸರು, ಗಾಳಿ ಇದೆಲ್ಲ ಕರಾವಳಿಯವರ ಚಿಂತೆ. ನಾವು ದಾರಿ ನೋಡಬೇಕು. ಕಾಕಿನಾಡ, ವಿಶಾಖಪಟ್ಟಣದ ಹೆಸರು ಕೇಳಿದರೆ ಎದ್ದು ಕೂರಿ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ನಿಮಗೆ ಒಂದು ದಿನ ಸಿಗುತ್ತೆ, ಅದಕ್ಕಿಂತ ಜಾಸ್ತಿ ನಂಬಬೇಡಿ.

ಹುಲಸೂರಿನಿಂದ: ನಮ್ಮದು 2021ರ ಗುಲಾಬ್ ತೂಫಾನಿನ ಕಥೆ. ಸೆಪ್ಟೆಂಬರ್ 26ಕ್ಕೆ ಆಂಧ್ರದ ಕಳಿಂಗಪಟ್ಟಣದ ಹತ್ತಿರ ದಡ ಸೇರಿ, ಬಲ ಕಳೆದುಕೊಂಡು ಮರಾಠವಾಡಕ್ಕೆ ಬಂತು. ಅಲ್ಲಿ ಡ್ಯಾಮಿನ ಗೇಟು ತೆಗೆದರು, ಮಾಂಜ್ರಾ ನದಿ ತುಂಬಿ ಬಂತು. ನಾನು ಬಣವೆಗೆ ಮೇಲಿನಿಂದ ತಾಡಪತ್ರಿ ಹೊದಿಸಿ ದೊಡ್ಡ ಕೆಲಸ ಮಾಡಿದೆ ಅಂದುಕೊಂಡಿದ್ದೆ, ನೀರು ಕೆಳಗಿನಿಂದ ಏರಿತು. ಮೂರನೇ ದಿನ ಒಳಗೆ ಕೈ ಹಾಕಿದರೆ ಒಲೆ ಹತ್ತಿರ ಕೂತ ಹಾಗೆ ಬಿಸಿ, ಕಾಯಿಯೊಳಗೇ ಮೊಳಕೆ. ಅದೇ ಗುಲಾಬ್ ಆಮೇಲೆ ಅರಬ್ಬಿ ಸಮುದ್ರಕ್ಕಿಳಿದು, ಶಾಹೀನ್ ಅಂತ ಹೊಸ ಹೆಸರು ತಗೊಂಡು ಒಮಾನ್‌ಗೆ ಹೋಯಿತು. ನಮ್ಮ ಸೋಯಾ ತಿಂದೇ ಅದಕ್ಕೆ ಬಲ ಬಂತು ಅಂತಾರೆ ನಮ್ಮಪ್ಪ!

ಕಾಯಿ ಅಲುಗಿಸಿ ನೋಡಿ, ಗಲಗಲ ಅಂದರೆ ಇವತ್ತೇ ರಾಶಿ ಮಾಡಿಸಿ. ಇನ್ನೂ ಹಸಿ ಇದ್ದರೆ ಮಶೀನಿಗೆ ಹಾಕಬೇಡಿ, ಕಾಳು ಜಜ್ಜಿಹೋಗುತ್ತೆ. ಬಣವೆಯನ್ನು ದಿಬ್ಬಕ್ಕೆ ಸಾಗಿಸಿ, ಅಡಿಗೆ ಕಲ್ಲು, ಕಟ್ಟಿಗೆ ಕೊಟ್ಟು ಎತ್ತರಿಸಿ. ಆಮೇಲೆ ತಾಡಪತ್ರಿ.

ಚಿಂಚೋಳಿಯಿಂದ: ಫಸಲ್ ಬಿಮಾ (ಬೆಳೆ ವಿಮೆ) ಕಟ್ಟಿದ್ದೀರಾ? ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೆ 14 ದಿನದವರೆಗೆ ಅವಕಾಶ ಇದೆ, ಆದರೆ ಹಾಳಾದ 72 ಗಂಟೆಯೊಳಗೆ ತಿಳಿಸಬೇಕು. ನಾನು ಐದನೇ ದಿನ ಹೋದೆ. ಆಗಲ್ಲ ಅಂದರು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಶರಣು. ಗಲಗಲ ಅಂತಿದೆ. ಮಶೀನಿನವನು ನಾಳೆ ಬೆಳಗ್ಗೆ ಆರಕ್ಕೆ ಬರ್ತಾನಂತೆ. ಚೀಲ ಸಾಲುವುದಿಲ್ಲ, ಭಾಲ್ಕಿಯಲ್ಲಿ ಯಾರ ಹತ್ತಿರವಾದರೂ ಖಾಲಿ ಚೀಲ ಇದ್ದರೆ ಹೇಳ್ರಿ.